ಯಾವ ಹೊಲಕ್ಕೆ ಯಾವ ಹಲ್ಲು

ಗೋಕಾಕದಲ್ಲಿ ನಮ್ಮದು ಟ್ರ್ಯಾಕ್ಟರ್ ಟಾಯರಿನ ಅಂಗಡಿ. ಟಾಯರಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೆಂಟರು ಕೇಳುತ್ತಾರೆ. ಟಾಯರಿನಲ್ಲಿ ಏನೂ ಇಲ್ಲ, ಖರೆ. ಆದರೆ ಅದನ್ನು ಆರಿಸಲು ಮನುಷ್ಯರು ಬರುತ್ತಾರಲ್ಲ, ಅದಕ್ಕೇ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟ್ರ್ಯಾಕ್ಟರಿನ ಹಿಂದಿನ ಟಾಯರಿಗೆ ಉಬ್ಬಿದ ಹಲ್ಲುಗಳಿರುತ್ತವೆ. ಕೆಸರು ಹೊಲದಲ್ಲಿ ದುಡಿಯುವ ಗಾಡಿಗೆ ಎತ್ತರದ, ದೂರದೂರ ಕೂತ ಹಲ್ಲು ಬೇಕು. ಕಬ್ಬು ಹೇರಿಕೊಂಡು ಡಾಂಬರ್ ರಸ್ತೆಯಲ್ಲೇ ಓಡುವ ಗಾಡಿಗೆ ಗಿಡ್ಡ, ಒತ್ತೊತ್ತಾದ ಹಲ್ಲು ಬೇಕು, ಇಲ್ಲದಿದ್ದರೆ ಬೇಗ ಸವೆಯುತ್ತದೆ. ಇಷ್ಟೇ ವಿದ್ಯೆ. ಇಷ್ಟನ್ನು ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಹಿಡಿ ಮಣ್ಣು

ಮೂಡಲಗಿ ಕಡೆಯ ರೈತರೊಬ್ಬರು ಫೋನ್ ಮಾಡಿ, ಯಾವ ಟಾಯರ್ ಹಾಕಿಸಲಿ ಎಂದು ಕೇಳಿದರು. ನಿಮ್ಮ ಹೊಲ ಕರಿ ಮಣ್ಣಿನದೋ ಕೆಂಪು ಮಸಾರಿಯೋ ಎಂದರೆ, "ನಮ್ಮಪ್ಪ ಒಂದ ಹೇಳತಾನ, ನಮ್ಮ ಕಾಕಾ ಒಂದ ಹೇಳತಾನ್ರಿ" ಎಂದರು. ಹಾಗಾದರೆ ಬರುವಾಗ ಒಂದು ಹಿಡಿ ಮಣ್ಣು ತನ್ನಿ, ನಾನೇ ನೋಡುತ್ತೇನೆ ಎಂದೆ.

ಮರುದಿನ ಬಂದವರು ಕರವಸ್ತ್ರದ ಗಂಟು ಬಿಚ್ಚಿ ಮಣ್ಣನ್ನು ಮೇಜಿನ ಮೇಲಿಟ್ಟರು. ಅಂಗಡಿಯಲ್ಲಿ ಬೇರೆ ಮೂವರು ಗಿರಾಕಿಗಳಿದ್ದರು. ಹೀಗಾಗಿ ನಾನು ಸ್ವಲ್ಪ ಗತ್ತಿನಿಂದಲೇ ಮಣ್ಣನ್ನು ಬೆರಳಲ್ಲಿ ತಿಕ್ಕಿದೆ, ನೀರು ಚಿಮುಕಿಸಿ ಉಂಡೆ ಕಟ್ಟಿದೆ, ಮೂಸಿಯೂ ನೋಡಿದೆ.

"ಮಸಾರಿ ಐತ್ರಿ. ಹರಳು ಭಾಳ ಅದಾವು, ಉಂಡಿ ನಿಲ್ಲವಲ್ದು. ಎತ್ತರ ಹಲ್ಲು ಬ್ಯಾಡ. ಮತ್ತ ನಿಮ್ಮ ಟ್ರ್ಯಾಕ್ಟರ್ ಎಣ್ಣಿ ಸೋರಾಕತ್ತೈತಿ, ಮಣ್ಣಿಗೆ ವಾಸನಿ ಹತ್ತೇತಿ, ನೋಡಕೊಳ್ರಿ" ಎಂದೆ.

ಮೂವರು ಗಿರಾಕಿಗಳೂ ತಲೆದೂಗಿದರು. ರೈತರು ಮಾತ್ರ ಸಂಕೋಚದಿಂದ ಕರವಸ್ತ್ರ ಮಡಚತೊಡಗಿದರು.

"ಭಾಯ್, ಇದು ನಮ್ಮ ಹೊಲದ್ದಲ್ರಿ. ಮಣ್ಣ ಮನ್ಯಾಗ ಮರತ ಬಂದ್ನಿ. ಬರಿಗೈಲೆ ಹೆಂಗ ಬರೂದಂತ ನಿಮ್ಮ ಅಂಗಡಿ ಮುಂದಿಂದು ಕಟಗೊಂಡ ಬಂದೇನಿ."

ಹೇಳಿದ ಮಾತು ಮೀರದವರು

ಅರಭಾವಿಯ ಮಾಸ್ತರರೊಬ್ಬರು ನಿವೃತ್ತರಾದ ಮೇಲೆ ಒಕ್ಕಲುತನಕ್ಕೆ ಇಳಿದಿದ್ದರು. ಹೊಲಕ್ಕಾಗಿ ಎತ್ತರದ ಹಲ್ಲಿನ ಟಾಯರ್ ಹಾಕಿಸಿಕೊಂಡರು. ಹೊರಡುವಾಗ ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ: "ಸರ್, ಡಾಂಬರಿನ ಮ್ಯಾಲ ಓಡಸಬ್ಯಾಡ್ರಿ, ಹಲ್ಲು ಸವೀತಾವು." ಅವರು ಕಿಸೆಯಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡರು.

ಹೊರಟಿದ್ದು ಬೆಳಿಗ್ಗೆ ಹತ್ತಕ್ಕೆ. ಮಧ್ಯಾಹ್ನ ಮೂರಕ್ಕೆ ಅವರ ಮನೆಯವರ ಫೋನು: "ಇನ್ನೂ ನಿಮ್ಮ ಅಂಗಡ್ಯಾಗ ಕುಂತಾರೇನ್ರಿ?"

ಟ್ರ್ಯಾಕ್ಟರ್ ಎಲ್ಲಾದರೂ ಪಲ್ಟಿಯಾಯಿತೇ ಎಂದು ಬೈಕ್ ಹತ್ತಿ ಓಡಿದೆ. ಅರ್ಧ ದಾರಿಯಲ್ಲಿ ಸಿಕ್ಕರು. ರಸ್ತೆ ಬಿಟ್ಟು ಬಾಜೂದ ಜಾಲಿಮುಳ್ಳಿನ ಕಂಟಿಯೊಳಗೆ ಟ್ರ್ಯಾಕ್ಟರ್ ನಿಂತಿತ್ತು, ಮಾಸ್ತರರು ಅದರ ನೆರಳಲ್ಲಿ ಕೂತು ಚುರಮುರಿ ತಿನ್ನುತ್ತಿದ್ದರು. ಗೋಕಾಕದಿಂದ ಅಲ್ಲಿಯವರೆಗೆ ಒಂದು ಗಾಲಿಯನ್ನೂ ಡಾಂಬರಿಗೆ ತಾಗಿಸದೆ, ಕಲ್ಲು ಅಡ್ಡ ಬಂದರೆ ಇಳಿದು ಸರಿಸಿ, ಅಂಚಿನ ಮಣ್ಣಿನಲ್ಲೇ ಬಂದಿದ್ದರು.

"ಸರ್, ಏನಾತ್ರಿ?"

"ಹಿಂದಿನ ಟಾಯರಿನ ಹಲ್ಲು ಒಂದೂ ಸವದಿಲ್ಲ, ನೋಡ್ರಿ ಬೇಕಾದ್ರ" ಎಂದರು ಮಾಸ್ತರರು ಸಮಾಧಾನದಿಂದ. "ಮುಂದಿನವು ಎರಡೂ ಪಂಕ್ಚರ್ ಆಗ್ಯಾವು. ಅವುಗಳ ಬಗ್ಗೆ ನೀವು ಏನೂ ಹೇಳಿರಲಿಲ್ಲ."

ಹಿಂದಕ್ಕೆ ಹೋಗುವ ಟಾಯರ್

ಟಾಯರ್ ಕೂಡಿಸುವ ಕೆಲಸ ನಮ್ಮ ಚಾಚಾರದು. ಟಾಯರಿನ ಬದಿಗೆ ಒಂದು ಬಾಣದ ಗುರುತಿರುತ್ತದೆ, ಗಾಲಿ ಮುಂದಕ್ಕೆ ತಿರುಗುವಾಗ ಬಾಣವೂ ಹಾಗೇ ತಿರುಗಬೇಕು. ಮೂವತ್ತು ವರ್ಷದ ಕೈ, ನನಗೇಕೆ ಬಾಣ ಎನ್ನುವುದು ಚಾಚಾರ ವಾದ.

ಕಣಗಲಾ ಊರಿನ ಗಿರಾಕಿಯೊಬ್ಬರು ತಿಂಗಳಾದ ಮೇಲೆ ಬಂದು ಟಾಯರನ್ನು ಬಾಯಿ ತುಂಬ ಹೊಗಳಿದರು. "ಬಾಜೂ ಹೊಲದವರದು ಕೆಸರಾಗ ಸಿಗಬಿದ್ರ ಇನ್ನೊಂದ ಟ್ರ್ಯಾಕ್ಟರ್ ತಂದ ಜಗ್ಗಬೇಕ್ರಿ. ನಂದು ರಿವರ್ಸ್ ಹಾಕಿದ್ರ ತಾನ ಎದ್ದ ಬರತೈತಿ."

"ಮುಂದ ಹೋಗಾಕ?"

"ಮುಂದ ಸ್ವಲ್ಪ ಒಲ್ಲೆ ಅಂತೈತ್ರಿ. ಎಲ್ಲಾ ಒಂದ ಟಾಯರಿನ್ಯಾಗ ಸಿಗತೈತೇನು."

ಹೊರಗೆ ಹೋಗಿ ನೋಡಿದೆವು. ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ. ಎರಡು ಬಾಣಗಳೂ ಹಿಂದಕ್ಕೆ ಮುಖ ಮಾಡಿದ್ದವು. ಚಾಚಾ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. "ನಂದ ತಪ್ಪು" ಎಂದವರೇ ಜಾಕ್ ತಂದು, ಊಟಕ್ಕೂ ಏಳದೆ ಎರಡನ್ನೂ ಅದಲುಬದಲು ಮಾಡಿಕೊಟ್ಟರು.

ಹದಿನೈದು ದಿನಕ್ಕೆ ಅದೇ ಗಿರಾಕಿಯ ಫೋನು.

"ಭಾಯ್, ಈಗ ಮುಂದ ಎಷ್ಟ ಛಲೋ ಹೋಗತೈತಿ ಅಂದ್ರ ಕೆಸರಿನ ನಟ್ಟನಡುವ ಬಂದ ನಿಂತೇನಿ. ಹಿಂದ ಬರವಲ್ದು. ಚಾಚಾರನ್ನ ಕಳಸ್ರಿ."

ಒಂದೊಂದು ಕಡೆ ಒಂದೊಂದು

ಯಮಕನಮರಡಿಯ ಅಣ್ಣತಮ್ಮಂದಿರು ತಮ್ಮ ಅವ್ವನನ್ನು ಕರೆದುಕೊಂಡು ಬಂದರು. ಮನೆಗೆ ಒಂದೇ ಟ್ರ್ಯಾಕ್ಟರ್. ಅಣ್ಣ ಅದರಲ್ಲಿ ಕಾರ್ಖಾನೆಗೆ ಕಬ್ಬು ಹೇರುತ್ತಾನೆ, ತಮ್ಮ ಹೊಲ ಹೂಡುತ್ತಾನೆ. ಹಿಂದಿನ ಟಾಯರ್ ಎರಡೂ ಬೋಳಾಗಿದ್ದವು. ಅಣ್ಣನಿಗೆ ಗಿಡ್ಡ ಹಲ್ಲೇ ಬೇಕು, ತಮ್ಮನಿಗೆ ಎತ್ತರದ್ದೇ. ಈ ಜಗಳ ಮನೆಯಲ್ಲಿ ಹುಟ್ಟಿ ವಾರವಾಗಿತ್ತಂತೆ, ಬೇರೆಯಾಗುವ ಮಾತೂ ಬಂದಿತ್ತಂತೆ. ಅದಕ್ಕೇ ಅವ್ವ ಜೊತೆಗೆ ಬಂದಿದ್ದರು.

ನಾನು ಬಾಯಿ ತೆರೆದಾಗಲೆಲ್ಲ ಅಣ್ಣ "ರೋಡ್" ಎನ್ನುತ್ತಿದ್ದ, ತಮ್ಮ "ಹೊಲ" ಎನ್ನುತ್ತಿದ್ದ. ಅವ್ವ ಸೆರಗು ಹೊದ್ದು ಹಳೆ ಟಾಯರಿನ ಮೇಲೆ ಕೂತು ಒಂದು ಚಹಾ ಮುಗಿಯುವವರೆಗೆ ಕೇಳಿದರು. ಕಪ್ಪು ಕೆಳಗಿಟ್ಟು ನನಗೆ ಹೇಳಿದರು:

"ತಮ್ಮಾ, ಎಡಗಡೆ ದೊಡ್ಡಾವಂದು ಹಾಕು, ಬಲಗಡೆ ಸಣ್ಣಾವಂದು ಹಾಕು. ಮುಗೀತು."

ನನಗೆ ನಗು ತಡೆಯುವುದೇ ಕಷ್ಟವಾಯಿತು. "ಅವ್ವಾರ, ಹಂಗ ಬರೂದಿಲ್ರಿ. ಎರಡ ಕಡೆ ಎರಡ ನಮೂನಿ ಹಾಕಿದ್ರ ಗಾಡಿ ಒಂದ ಕಡೆ ಜಗ್ಗತೈತಿ."

"ಜಗ್ಗಲಿ. ಇವರಿಬ್ಬರೂ ಹುಟ್ಟಿದಾಗಿಂದ ಒಬ್ಬಾಂವ ಅತ್ತಾಗ, ಒಬ್ಬಾಂವ ಇತ್ತಾಗ ಜಗ್ಗಾಕತ್ತಾರ. ನಾ ಮನಿ ನಡಸಿಲ್ಲೇನು?"

ಅಣ್ಣತಮ್ಮಂದಿರು ಮೊದಲ ಸಲ ಒಟ್ಟಿಗೆ ಸುಮ್ಮನಾದರು. ಸಿಕ್ಕ ಸಂದಿನಲ್ಲಿ ನಾನು ಒಳಗಿನಿಂದ ಮೂರನೆಯ ನಮೂನೆ ಉರುಳಿಸಿಕೊಂಡು ಬಂದೆ: ಅತ್ತ ಎತ್ತರವೂ ಅಲ್ಲ, ಇತ್ತ ಗಿಡ್ಡವೂ ಅಲ್ಲ, ನಡುವಿನ ಹಲ್ಲು. ಹೊಲಕ್ಕೂ ಆದೀತು, ರಸ್ತೆಗೂ ಆದೀತು ಎಂದೆ.

ಅಣ್ಣ ಟಾಯರನ್ನು ಮುಟ್ಟಿ ನೋಡಿ ಮುಖ ಗಂಟಿಕ್ಕಿದ. "ರೋಡಿಗೆ ಇದು ಅಷ್ಟ ಛಲೋ ಅಲ್ಲ."

ತಮ್ಮನೂ ಬೆರಳಿಟ್ಟು ಅಳೆದ. "ಹೊಲಕ್ಕೂ ಅಷ್ಟಕ್ಕಷ್ಟ."

ಅವ್ವ ಇಬ್ಬರ ಮುಖವನ್ನೂ ಒಂದು ಸಲ ನೋಡಿ, ಮೊಣಕಾಲಿಗೆ ಕೈಯೂರಿ ಎದ್ದರು.

"ಇಬ್ಬರಿಗೂ ಮನಸಿಗೆ ಬಂದಿಲ್ಲ ಅಂದ್ರ ನ್ಯಾಯ ಬರೋಬ್ಬರಿ ಆಗೇತಿ. ಕೂಡಸಪಾ ಇದನ್ನ."