ನೊಣಕ್ಕೆ ಬಂದ ಮರ್ಯಾದೆ

ನೊಣ ಕಂಡರೆ ನನಗಾಗದು. ಆರೋಗ್ಯ ಇಲಾಖೆಯ ಗುಮಾಸ್ತನಾಗಿ, ನೊಣ ಹರಡುವ ರೋಗಗಳ ಸುತ್ತೋಲೆಗಳನ್ನು ನಕಲು ಮಾಡಿ ಮಾಡಿ, ಆ ಕುಲದ ಮೇಲೆ ನನಗೆ ಸ್ವಂತ ದ್ವೇಷವೇ ಬೆಳೆದುಬಿಟ್ಟಿದೆ. ಆದರೆ ಯಲಹಂಕದ ನಮ್ಮ ಹಿತ್ತಲಲ್ಲಿ, ಮಾವಿನ ಮರದ ಬುಡಕ್ಕೇ ತಿಪ್ಪೆ. ನನ್ನ ಹೆಂಡತಿ ಮುನಿಕೃಷ್ಣಮ್ಮ ಎಮ್ಮೆಯ ಸಗಣಿಯನ್ನೆಲ್ಲ ಅಲ್ಲೇ ಸುರಿಯುತ್ತಿದ್ದಳು.

ಆ ಮರದ ಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ನನಗೆ ಅನ್ನ ಗಂಟಲಲ್ಲಿ ಇಳಿಯದು. (ಹೆಂಡತಿಯ ಸಾರಿನ ವಿಷಯ ಇಲ್ಲಿ ಬೇಡ. ಅವಳಿಗೂ ಓದು ಬರುತ್ತದೆ.)

ಸಂಕ್ರಾಂತಿ ಕಳೆದು ಮರ ಹೂ ತುಂಬಿ ನಿಂತಿತು. ಕೂಡಲೇ ನೊಣಗಳ ಮಹಾಸಮ್ಮೇಳನ ನೆರೆಯಿತು. ನಾನು ಯುದ್ಧ ಸಾರಿದೆ. ಆಳಿಟ್ಟು ತಿಪ್ಪೆಯನ್ನು ಎತ್ತಿಸಿ, ಪಕ್ಕದ ಮನೆಯ ಮಾರಕ್ಕನಿಗೆ ದಾನ ಮಾಡಿದೆ. ಆಕೆ ಅದನ್ನು ಗೋಡೆಯಾಚೆ ಗುಡ್ಡೆ ಹಾಕಿಸಿಕೊಂಡಳು. ಬಳಿಕ ಡಿಡಿಟಿ ಪಂಪು ಹಿಡಿದು ಮರಕ್ಕೆ ಅಭಿಷೇಕ ಮಾಡಿದೆ. ಮಾರಕ್ಕನ ಹಿತ್ತಲಿಗೆ ಚಾಚಿದ್ದ ಒಂದು ಕೊಂಬೆ ಮಾತ್ರ ಪಂಪಿಗೆ ಎಟುಕಲಿಲ್ಲ.

"ಹೂವಿನ್ ಮೇಲ್ ಕೂತವೆ, ಯಾಕ್ರೀ ಹೊಡೀತೀರಾ?" ಎಂದಳು ಹೆಂಡತಿ. "ಚಿಕ್ಕಜಾಲದಾಗೆ ನಮ್ಮಮ್ಮನ ಮನೇಲೂ ತಿಪ್ಪೆ ಮರದ ಬುಡದಾಗೇ ಇರೋದು."

"ನಿಮ್ಮಮ್ಮನ ಮನೇಲಿ ಎಮ್ಮೆನೂ ನಡುಮನೇಲೇ ಮಲಗುತ್ತೆ. ಹೂವಿನ ಕೆಲಸ ಜೇನಿಂದು ಕಣೇ. ನೊಣಕ್ಕೇನು ಅಲ್ಲಿ ಕೆಲಸ?"

"ಇಂಗೇ ಮಾತಾಡ್ತಿರಿ. ಆಮೇಲೆ ಮಿಡಿಗೆ ನನ್ನ ಕೇಳ್ಬೇಡಿ."

ನೊಣ ಸತ್ತವು. ಹೂವೂ ಉದುರಿತು. ಮರದಲ್ಲಿ ಒಂದೇ ಒಂದು ಮಿಡಿಯೂ ಕಟ್ಟಲಿಲ್ಲ. ಗೋಡೆಯಾಚೆಯ ಕೊಂಬೆ ಮಾತ್ರ ಗೊಂಚಲು ಗೊಂಚಲು ಮಿಡಿ ಹೊತ್ತು ಮಾರಕ್ಕನ ತಿಪ್ಪೆಗೆ ಬಾಗಿ ನಮಸ್ಕರಿಸುತ್ತಿತ್ತು.

ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುವ ನನ್ನ ಬಾಮೈದ ಬೈರಣ್ಣ ಭಾನುವಾರ ಬಂದವನು, ಮರವನ್ನೂ ಪಂಪನ್ನೂ ನೋಡಿ ನಕ್ಕ.

"ಭಾವ, ಮಾವಿನ ಹೂವಿಗೆ ಜೇನಿಗಿಂತ ನೊಣಗಳೇ ಜಾಸ್ತಿ ಬರೋದು. ಒಂದು ಹೂವಿನ ಪರಾಗ ಇನ್ನೊಂದಕ್ಕೆ ಅವೇ ಮುಟ್ಟಿಸ್ಬೇಕು, ಇಲ್ದಿದ್ರೆ ಕಾಯಿ ಎಲ್ಲಿ ಕಟ್ಟುತ್ತೆ? ನೀವು ಮದುವೆ ಮನೆಯಿಂದ ಪುರೋಹಿತರನ್ನೇ ಓಡಿಸಿದೀರಿ."

ಗೋಡೆಯಾಚೆ ಬಾಗಿದ ಕೊಂಬೆಯ ಫಲ ಆಚೆಯವರದೇ ಎಂಬುದು ನಮ್ಮ ಕೇರಿಯ ಪದ್ಧತಿ. ಆದರೂ ನಾಚಿಕೆ ಬಿಟ್ಟು ಗೋಡೆಯ ಮೇಲಿಂದ ಇಣುಕಿದೆ. ಮಾರಕ್ಕ ಮಡಿಲು ತುಂಬ ಮಿಡಿ ಕಿತ್ತುಕೊಂಡು ನಿಂತಿದ್ದಳು.

"ತಿಪ್ಪೆ ಬೋ ಚೆನ್ನಾಗೈತೆ ಸ್ವಾಮಿ," ಎಂದಳು. "ಬರೋ ವರ್ಸನೂ ಕೊಡಿ."

ಆ ವರ್ಷವಿಡೀ ನಾನು ಮೊಸರನ್ನಕ್ಕೆ ಉಪ್ಪು ನಂಜಿಕೊಂಡು ಉಂಡೆ. ಹೆಂಡತಿ ಪ್ರತಿ ಊಟಕ್ಕೂ ಖಾಲಿ ಉಪ್ಪಿನಕಾಯಿ ಜಾಡಿಯನ್ನು ತಂದು ನನ್ನ ಮುಂದಿಡುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಮತ್ತೆ ಸಂಕ್ರಾಂತಿ ಬಂತು. ತಿಪ್ಪೆ ತನ್ನ ಹಳೆಯ ಸಿಂಹಾಸನಕ್ಕೆ ಮರಳಿತು, ಮೊದಲಿಗಿಂತ ಎರಡರಷ್ಟಾಗಿ. ಬೆಳಗ್ಗೆ ಪೇಪರು ಓದುತ್ತ ಕುಳಿತಿದ್ದೆ. ಒಂದು ನೊಣ ಬಂದು ನೇರವಾಗಿ ನನ್ನ ಮೂಗಿನ ಮೇಲೆ ಕುಳಿತಿತು. ಪೇಪರು ಸುತ್ತಿ ಕೈಯೆತ್ತಿದೆ.

"ಹೊಡೀಬೇಡಿ," ಅಡುಗೆಮನೆಯಿಂದ ದನಿ ಬಂತು. "ಮರ ಹೂ ಬಿಟ್ಟೈತೆ."

ಕೈ ಇಳಿಸಿದೆ. ನೊಣ ನನ್ನ ಮೂಗಿನ ಮೇಲೆ ನಿಧಾನವಾಗಿ ಕೈ ತೊಳೆದುಕೊಂಡು ಕೆಲಸಕ್ಕೆ ಹೊರಟಿತು.