ಕಾಲಿನ್, ಕೈಲ್ ಮತ್ತು ನಮ್ಮ ಅಂಗಳದ ಫೈನಲ್ಲು

ಹೆಂಡತಿಯ ಎದುರು ನಾನು ಒಮ್ಮೆ ಗೆದ್ದಿದ್ದೇನೆ. ನಗಬೇಡಿ, ಸಾಕ್ಷಿಗಳಿದ್ದಾರೆ! ಒಬ್ಬ ಇಂಗ್ಲೆಂಡಿನವ, ಒಬ್ಬ ಅಮೆರಿಕದವ, ಇನ್ನೊಬ್ಬ ಬಾದಾಮಿಯವ. ಹೀಗೆ ಮೂರು ದೇಶಗಳ ಸಮ್ಮುಖದಲ್ಲಿ (ಚಾಲುಕ್ಯರ ಕಾಲದಲ್ಲಿ ಬಾದಾಮಿಯೂ ಒಂದು ದೇಶವೇ ಆಗಿತ್ತು, ತಕರಾರು ಬೇಡ) ಹೆಂಡತಿಯನ್ನು ಸೋಲಿಸಿದ ಗಂಡ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ಬಂದು ಹೇಳಲಿ. ಕೈಮುಗಿಯುತ್ತೇನೆ.

ನಾನು ಯಮನಪ್ಪ. ಮೇಣಬಸದಿ ಗುಹೆಗಳಿಗೆ ಹೋಗುವ ದಾರಿಯಲ್ಲಿ ಟೋಪಿ, ಕಪ್ಪು ಕನ್ನಡಕ ಮಾರುವ ಸಣ್ಣ ಅಂಗಡಿ ನನ್ನದು. ಮನೆಯ ಮಾಳಿಗೆ ಮೇಲೊಂದು ಕೋಣೆಯಿದೆ. ಬಾದಾಮಿಯ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತಲು ಬರುವ ವಿದೇಶಿಯರಿಗೆ ಅದನ್ನು ಬಾಡಿಗೆಗೆ ಕೊಡುತ್ತೇವೆ. ಈ ಸಲ ಬಂದವರು ಇಬ್ಬರು ಗೆಳೆಯರು. ಉದ್ದಕ್ಕೆ ಬೆಳೆದವನು ಇಂಗ್ಲೆಂಡಿನ ಕಾಲಿನ್. ಅಡ್ಡಕ್ಕೆ ಬೆಳೆದವನು ಅಮೆರಿಕದ ಕೈಲ್. ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ದಾಟಿಸಲು ಗೈಡ್ ಬಂದೇನವಾಜನಿದ್ದ.

ಮೊದಲ ದಿನವೇ ರೊಟ್ಟಿ ತಿನ್ನುತ್ತ ಕೂತವರ ನಡುವೆ ಜಗಳ ಹತ್ತಿತು. ಕಾಲಿನ್ ಮೇಜಿನ ಕೆಳಗೆ ಕಾಲು ಝಾಡಿಸಿದ. ಕೈಲ್ ಬದನೆಕಾಯಿ ಎಣ್ಣೆಗಾಯನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನ ಹಾಗೆ ಅಭಿನಯಿಸಿದ. (ಎಣ್ಣೆ ಅಂಗಿಗೆ ಇಳಿಯಿತು.)

“ಏನಂತಪಾ ಇವರ ತಕರಾರು?” ಎಂದು ಬಂದೇನವಾಜನನ್ನು ಕೇಳಿದೆ.

“ಫುಟ್‌ಬಾಲ್ ಅಂದ್ರ ಯಾವುದು ಅಂತ ಜಗಳ, ಕಾಕಾ. ಕಾಲಿನ್ ಸಾಹೇಬ್ರದು ಕಾಲಿಲೆ ಒದಿಯೂ ಚಂಡು. ಕೈಲ್ ಸಾಹೇಬ್ರದು ಕೈಯಾಗ ಹಿಡಕೊಂಡು ಓಡೂ ಚಂಡು. ಇಬ್ರೂ ಅದಕ್ಕ ಫುಟ್‌ಬಾಲ್ ಅಂತಾರ.”

ಒಲೆಯ ಮುಂದಿನಿಂದ ನನ್ನ ಹೆಂಡತಿ ಸುನಂದಾ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ ಹೇಳಿದಳು: “ಇದರಾಗ ಜಗಳಾಡೂದು ಏನೈತಿ? ಅಂವ ಕಾಲಿನ, ಕಾಲಿಲೆ ಆಡ್ತಾನ. ಇಂವ ಕೈಲೆ, ಕೈಲೆ ಆಡ್ತಾನ. ಅವರವ್ವ ಅಪ್ಪ ಹೆಸರಿಡೂ ಮುಂದ ವಿಚಾರ ಮಾಡೇ ಇಟ್ಟಾರ. ರೊಟ್ಟಿ ಆರತಾವ, ತಿನ್ನಂತ ಹೇಳು.”

ನಾನಿನ್ನೂ ಬಾಯಿ ತೆರೆಯುವ ಮೊದಲೇ ಅಂತರರಾಷ್ಟ್ರೀಯ ವ್ಯಾಜ್ಯವೊಂದು ಇತ್ಯರ್ಥವಾಗುವುದೆಂದರೆ ಏನು! ನನಗೆ ಸಿಟ್ಟು ಬಂತು. ತಕ್ಷಣ ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ಬಂದೇನವಾಜ, ಈ ನ್ಯಾಯ ನಾ ಬಗಿಹರಸ್ತೇನಿ. ಇಬ್ಬರ ವಾದಾನೂ ಕೇಳಿ ಶನಿವಾರ ಸಂಜೀಗೆ ತೀರ್ಪು ಕೊಡ್ತೇನಿ ಅಂತ ಹೇಳು” ಎಂದು ನನ್ನನ್ನು ನಾನೇ ಪಂಚನನ್ನಾಗಿ ನೇಮಿಸಿಕೊಂಡೆ.

ವಿಚಾರಣೆ ಭರ್ಜರಿಯಾಗಿ ನಡೆಯಿತು. ಐದು ದಿನ ಆಡಿಯೂ ಯಾರೂ ಗೆಲ್ಲದ ಕ್ರಿಕೆಟ್ಟು ಕಾಲಿನ್‌ಗೆ ಪಂಚಪ್ರಾಣ. ನಡುವೆ ಚಹಾಕ್ಕೆ ಬಿಡುವು ಬೇರೆ. “ಗೆಲ್ಲದಿದ್ದರೆ ಜನ ಯಾಕೆ ಕೂತಿರುತ್ತಾರೆ?” ಎಂದು ಕೈಲ್ ಕೇಳಿದರೆ, “ಕೂತಿರಲಿಕ್ಕೆ” ಎಂದ ಕಾಲಿನ್. ಕೈಲ್‌ನ ಊರಲ್ಲಿ ಆಟ ಸಮಸಮ ಆಗುವುದೆಂದರೆ ಅಪಮಾನ. ಯಾರಾದರೂ ಗೆಲ್ಲುವ ತನಕ ಆಡಿಸುತ್ತಾರೆ, ಆಡುವವರು ಆಡುವಾಗ ನೋಡುವವರು ತಿನ್ನುತ್ತಿರುತ್ತಾರೆ. ಅಲ್ಲಿಯ ತಂಡದ ಮಾಲೀಕರಿಗೆ ಊರು ಬೇಜಾರಾದರೆ ವರ್ಗವಾದ ತಹಶೀಲ್ದಾರರ ಹಾಗೆ ಇಡೀ ತಂಡವೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗುತ್ತದಂತೆ. ಇದನ್ನು ಕೇಳಿ ಕಾಲಿನ್ ಕಿವಿ ಮುಚ್ಚಿಕೊಂಡ. ಅವನ ಊರಿನ ತಂಡ ಅಜ್ಜನ ಕಾಲದಿಂದಲೂ ಸೋಲುತ್ತಿದೆ. ಅಜ್ಜ ಹೋಗುತ್ತಿದ್ದ, ಅಪ್ಪ ಹೋಗುತ್ತಿದ್ದ, ಈಗ ಇವನು ಹೋಗುತ್ತಾನೆ. ಸೋಲುವಾಗ ಎಲ್ಲರೂ ಸೇರಿ ಹಾಡು ಹಾಡುತ್ತಾರಂತೆ. ಇನ್ನು ಕೈಲ್‌ನ ಬೇಸ್‌ಬಾಲ್ ಎಂಬ ಚೆಂಡು ದಾಂಡಿನ ಆಟದಲ್ಲಿ ಅವನ ದೇಶದ ತಂಡಗಳೇ ತಮ್ಮತಮ್ಮಲ್ಲಿ ಆಡಿ, ಗೆದ್ದವರು ವಿಶ್ವವಿಜೇತರಾಗುತ್ತಾರೆ. ನಮ್ಮ ಸುನಂದಾಳ ತವರು ಗುಡೂರಿನ ಮೇಲಿನ ಓಣಿಯವರು ಕೆಳಗಿನ ಓಣಿಯವರನ್ನು ಕಬಡ್ಡಿಯಲ್ಲಿ ಕೆಡವಿ ವಿಶ್ವಕಪ್ ಎತ್ತಿದ ಹಾಗೆ!

ಇಷ್ಟರಲ್ಲಿ ನನ್ನ ಸ್ವಂತ ಮನೆಗೇ ಬೆಂಕಿ ಬಿತ್ತು. ಬರುವ ರವಿವಾರ ಭಾರತದ ಕ್ರಿಕೆಟ್ ಫೈನಲ್ ಮ್ಯಾಚ್. ಅದಕ್ಕಾಗಿ ನಾನು ಮಾವಿನ ಹಣ್ಣಿಗೆ ಕಾದ ಹಾಗೆ ಕಾದಿದ್ದೆ. ಅಂಗಡಿ ಮುಚ್ಚಿ, ಕಾಲು ಚಾಚಿ, ಮೊದಲ ಚೆಂಡಿನಿಂದ ಕೊನೆಯ ಚೆಂಡಿನ ತನಕ ನೋಡಬೇಕು. ಬದುಕಿನಲ್ಲಿ ಬೇರೆ ಏನೂ ಕೇಳಿದವನಲ್ಲ ನಾನು. ಆದರೆ ಅದೇ ರವಿವಾರ ಸುನಂದಾಳ ತಂಗಿಯ ಮಗಳು ಸುಧಾರಾಣಿಯ ನಿಶ್ಚಯಕ್ಕೆ ಸೀರೆ ತರಲು ಇಳಕಲ್ಲಿಗೆ ಹೋಗಬೇಕಂತೆ. ನಾನೂ ಬರುತ್ತೇನೆಂದು ಮಾತು ಕೊಟ್ಟಿದ್ದೆನಂತೆ. (ಕೊಟ್ಟಿರಬಹುದು. ಬಾಯಿತುಂಬ ಶೇಂಗಾ ಹೋಳಿಗೆ ಇದ್ದಾಗ ನಾನು ಏನು ಬೇಕಾದರೂ ಕೊಡುತ್ತೇನೆ.)

ಗುರುವಾರ ಮುಂಜಾನೆ ಅಂಗಳದಲ್ಲಿ ಶುರುವಾಯಿತು.

“ರವಿವಾರ ಮ್ಯಾಚ್ ಐತಿ, ನಾ ಬರೂದಿಲ್ಲ.”

“ನಿಮಗ ಮ್ಯಾಚ್ ಬೇಕು, ನನಗ ಮ್ಯಾಚಿಂಗ್ ಬೇಕು. ಸೀರಿಗೆ ಒಪ್ಪೂ ಕುಪ್ಪಸದ ಖಣ ಆರಸಬೇಕಂದ್ರ ಜತಿಗೆ ಒಬ್ಬರು ಬೇಕಲ್ರಿ?”

“ಖಣ ಆರಸಾಕ ನನ್ನ ಕಣ್ಣ ಯಾಕ? ನಿನಗ ಎರಡ ಅದಾವಲ್ಲ!”

“ಎರಡೂ ಇದ್ದೂ ನಿಮ್ಮನ್ನ ಆರಿಸಿದ್ನಲ್ರಿ, ಅದಕ್ಕ ಅವುಗಳ ಮ್ಯಾಲ ನಂಬಿಗಿ ಹೋಗೇತಿ!”

ಚಪ್ಪಾಳೆ ಕೇಳಿಸಿತು. ನೋಡಿದರೆ ಕಟ್ಟೆಯ ಮೇಲೆ ಕಾಲಿನ್, ಕೈಲ್ ಕೂತಿದ್ದಾರೆ. ನಡುವೆ ಬಂದೇನವಾಜ ಇಬ್ಬರ ಕಿವಿಯಲ್ಲೂ ಏನೋ ಉಸುರುತ್ತಿದ್ದಾನೆ. ಓಹೋ, ನಾನು ಪಂಚನಾಗಿರುವ ಪ್ರತಾಪವನ್ನು ಬಣ್ಣಿಸುತ್ತಿರಬೇಕು ಎಂದುಕೊಂಡೆ. ಎದೆ ಉಬ್ಬಿತು. ಧ್ವನಿಯನ್ನು ಇನ್ನಷ್ಟು ಏರಿಸಿದೆ.

ಗುರುವಾರ ಮುಗಿಯಲಿಲ್ಲ, ಶುಕ್ರವಾರಕ್ಕೆ ಮುಂದುವರಿಯಿತು. ಕೂಗಿ ಕೂಗಿ ಗಂಟಲು ಒಣಗಿದಾಗ ಸುನಂದಾ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು. ಕುಡಿದು, ಕಪ್ಪು ಕೆಳಗಿಟ್ಟು, “ಹಾಂ, ಏನಂದ್ರಿ ಆಗ?” ಎಂದು ಸೆರಗು ಸಿಕ್ಕಿಸಿಕೊಂಡಳು. ಕೈಲ್ ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಮಿರ್ಚಿ, ಚುರುಮುರಿ ತರಿಸಿಕೊಂಡು ತಯಾರಾಗಿದ್ದ. ಸುನಂದಾ ಬಾಯಿ ತೆರೆದರೆ ಕೈಲ್ ಎದ್ದು ಕುಣಿಯುತ್ತಿದ್ದ. ನಾನು ಬಾಯಿ ತೆರೆದರೆ ಕಾಲಿನ್ ಕಣ್ಣು ಮುಚ್ಚಿಕೊಂಡು ಸಣ್ಣಗೆ ಏನೋ ಹಾಡುತ್ತಿದ್ದ. ಬಹುಶಃ ಇಂಗ್ಲಿಷಿನ ಸುಪ್ರಭಾತವಿರಬೇಕೆಂದುಕೊಂಡೆ.

ಶನಿವಾರ ಸಂಜೆ ನಾನು ಬ್ರಹ್ಮಾಸ್ತ್ರ ಬಿಟ್ಟೆ.

“ಸುನಂದಾ, ಸೀರಿ ಅಂಗಡ್ಯಾಗ ನಾ ಏನ ಹೇಳಿದ್ರ ನಿನಗ ಸರಿ ಬರತೈತಿ ಹೇಳು. ‘ಚಲೋ ಐತಿ’ ಅಂದ್ರ ‘ನೋಡಲಾರದ ಹೇಳ್ತೀರಿ’ ಅಂತಿ. ನೋಡಿ ‘ಚಲೋ ಇಲ್ಲ’ ಅಂದ್ರ ‘ನಿಮಗೇನ ತಿಳಿತೈತಿ’ ಅಂತಿ. ಸುಮ್ಮನ ಕುಂತ್ರ ‘ಮುಖಾ ಯಾಕ ಹಂಗ ಮಾಡೀರಿ’ ಅಂತಿ. ಅಂಗಡಿಯವರ ಮುಂದ ಇಬ್ಬರ ಮರ್ಯಾದಿನೂ ಯಾಕ ಕಳೀಬೇಕು? ನೀ ಹೋಗಿ ಬಾ.”

ಸುನಂದಾ ನನ್ನನ್ನೇ ನೋಡಿದಳು. ಆಮೇಲೆ, “ಖರೆ ಅದ. ಆತು ಬಿಡ್ರಿ, ನೀವು ಮನ್ಯಾಗ ಇರ್ರಿ” ಎಂದು ಒಳಗೆ ಹೋದಳು.

ಗೆದ್ದೆ! ಮದುವೆಯಾದ ಮೇಲೆ ಮೊಟ್ಟಮೊದಲ ಸಲ, ಹಗಲು ಹೊತ್ತಿನಲ್ಲಿ, ಹೊರಗಿನವರ ಎದುರಿನಲ್ಲಿ ಗೆದ್ದೆ! ಕಾಲಿನ್ ಓಡಿಬಂದು ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ಕೈಲ್ ಟೋಪಿಯನ್ನು (ನನ್ನ ಅಂಗಡಿಯದೇ) ನೆಲಕ್ಕೆ ಬಡಿದ. ನಾನು ಮೀಸೆಯ ಮೇಲೆ ಕೈಯಾಡಿಸಿ, “ಈಗ ತೀರ್ಪು. ಬಂದೇನವಾಜ, ಬ್ರಿಟಿಷರ ಆಟ ದೊಡ್ಡದೋ ಅಮೆರಿಕದವರ ಆಟ ದೊಡ್ಡದೋ…” ಎಂದು ಶುರುಮಾಡಿದೆ.

“ಅದರ ಗರಜ ಉಳಿದಿಲ್ಲ, ಕಾಕಾ. ಇಬ್ಬರೂ ರಾಜಿ ಆಗ್ಯಾರ.”

“ಹೌದಾ? ಯಾವ ಆಟಕ್ಕ?”

“ದಿನಗಟ್ಟಲೆ ನಡಿತೈತಿ, ನಡುವ ಚಾ ಐತಿ ಅಂತ ಕಾಲಿನ್ ಸಾಹೇಬ್ರು ಖುಷ್. ಸಮಸಮ ಅನ್ನೂದ ಇಲ್ಲ, ಒಬ್ಬರು ಸೋಲಾಕ ಬೇಕು, ನೋಡಕೋತ ತಿನ್ನಾಕೂ ಬರತೈತಿ ಅಂತ ಕೈಲ್ ಸಾಹೇಬ್ರು ಖುಷ್. ಇಂಥಾ ಆಟ ಜಗತ್ತಿನಾಗ ಎಲ್ಲೂ ಇಲ್ಲಂತ.”

“ಯಾವುದಪಾ ಅದು? ಕಬಡ್ಡಿನೋ, ಖೋ ಖೋನೋ?”

ಬಂದೇನವಾಜ ತಲೆ ಕೆರೆದುಕೊಂಡ. “ನಿಮ್ಮದು ಮತ್ತ ಸುನಂದಾ ಕಾಕೂದು ಜಗಳ, ಕಾಕಾ. ನಾ ಬರೇ ಅರ್ಥ ಹೇಳಿದ್ನಿ.”

ನಾಚಿಕೆಯಾಯಿತು ಎಂದರೆ ಸುಳ್ಳಾದೀತು. ಮೊದಲು ಕೇಳಿದ್ದೇ, “ನನ್ನ ಕಡೀಗೆ ಯಾರಿದ್ರು?” ಎಂದು. ಕಾಲಿನ್ ನನ್ನ ಕಡೆಯವನಂತೆ. ಮೊದಲ ದಿನವೇ ನನ್ನನ್ನು ನೋಡಿ ಅವನಿಗೆ ತನ್ನ ಊರಿನ ತಂಡ ನೆನಪಾಯಿತಂತೆ. ಆಗಲಿ! ಬಾದಾಮಿಯಲ್ಲಿ ಸಾವಿರ ಗಂಡಂದಿರಿರಬಹುದು, ಅಭಿಮಾನಿ ಇರುವ ಗಂಡ ನಾನೊಬ್ಬನೇ.

ರವಿವಾರ ಬೆಳಿಗ್ಗೆ ಬಂದೇನವಾಜನ ಕಾರಿನಲ್ಲಿ ಸುನಂದಾ ಇಳಕಲ್ಲಿಗೆ ಹೊರಟಳು. ಕೈಲ್ ಚುರುಮುರಿಯ ಚೀಲ ಹಿಡಿದು ಅವಳ ತಂಡದ ಜೊತೆಗೇ ಹೋದ. ಕಾಲಿನ್ ನನ್ನ ಬಳಿ ಉಳಿದ. ಇಬ್ಬರೂ ಟಿವಿಯ ಮುಂದೆ ಕುರ್ಚಿ ಹಾಕಿಕೊಂಡು ಸಾರ್ವಭೌಮರ ಹಾಗೆ ಕೂತೆವು. ಟಾಸ್ ಆಯಿತು. ಆಟಗಾರರು ಮೈದಾನಕ್ಕೆ ಇಳಿದರು. ಅದೇ ಹೊತ್ತಿಗೆ ಬಾಗಿಲಲ್ಲಿ ಗುಡೂರಿನಿಂದ ಬಂದ ನನ್ನ ಅತ್ತೆ ಬೋರವ್ವನವರು ನಿಂತಿದ್ದರು. ಕೈಯಲ್ಲೊಂದು ರೊಟ್ಟಿ ಗಂಟು.

“ಸುನಂದಾ ಫೋನ್ ಮಾಡಿದ್ಲು, ಅಳಿಯಂದ್ರ. ‘ಪಾಪ, ಅವರೊಬ್ಬರ ಮನ್ಯಾಗ ಇರ್ತಾರ, ಹೋಗಿ ಜತಿಗಿರು’ ಅಂದ್ಲು. ಎಲ್ಲೈತ್ರಿ ರಿಮೋಟು? ವಾರದ ಧಾರಾವಾಹಿ ಎಲ್ಲಾ ಇವತ್ತ ಕೂಡೇ ಹಾಕ್ತಾರ.”

“ಅತ್ತಿಯವರ, ಇವತ್ತ ಫೈನಲ್…”

“ಇದೂ ಫೈನಲ್ಲ ಅದ. ಇವತ್ತ ಆ ಸೊಸಿ ಅತ್ತೀನ್ನ ಮನಿ ಬಿಟ್ಟು ಹೊರಗ ಹಾಕ್ತಾಳೋ ಇಲ್ಲೋ ತಿಳಿತೈತಿ.”

“ಒಂದ ತಾಸು ಬಿಡ್ರಿ.”

“ಹೌದ್ರಿ? ನನ್ನ ಮಗಳು ಒಬ್ಬಾಕಿನ ಬಿಸಲಾಗ ಇಳಕಲ್ಲಿಗೆ ಹೋಗ್ಯಾಳ. ಸ್ವಂತ ಹೆಂಡ್ತಿ ಜೋಡಿ ಸೀರಿ ಅಂಗಡಿಗೆ ಹೋಗಲಾರದವರಿಗೆ ಹನ್ನೊಂದ ಮಂದಿ ಗಂಡಸರು ಚಂಡಿನ ಹಿಂದ ಓಡೂದು ನೋಡಾಕ ಹೊತ್ತು ಐತ್ರಿ?”

ನೆರವಿಗಾಗಿ ಕಾಲಿನ್ ಕಡೆ ತಿರುಗಿದೆ. ಅರ್ಥ ಹೇಳುವ ಬಂದೇನವಾಜ ಇಳಕಲ್ಲಿನಲ್ಲಿದ್ದ. ಆದರೂ ಕಾಲಿನ್‌ಗೆ ಎಲ್ಲವೂ ತಿಳಿದಿತ್ತು. ಅವನು ತನ್ನ ಕುರ್ಚಿ ಎತ್ತಿ ಅತ್ತೆಯವರ ಪಕ್ಕಕ್ಕೆ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದ. ಅತ್ತೆಯವರು, “ಈ ಹುಡುಗಗಾದ್ರೂ ತಿಳುವಳಿಕಿ ಐತಿ” ಎಂದು ಗಂಟು ಬಿಚ್ಚಿ ಅವನಿಗೊಂದು ಎಳ್ಳು ಹಚ್ಚಿದ ರೊಟ್ಟಿ ಕೊಟ್ಟರು.

ಅಂದಿನ ಮಧ್ಯಾಹ್ನ, ಸಂಜೆ ಎಲ್ಲವೂ ಸೊಸೆ ಅತ್ತೆಯನ್ನು ಹೊರಹಾಕುವುದರಲ್ಲೇ ಕಳೆಯಿತು. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಇಡೀ ಓಣಿಯೇ ಹೋ ಎಂದು ಕೂಗಿತು. ಪಟಾಕಿಗಳು ಢಂ ಢಂ ಎಂದವು. ಅತ್ತೆಯವರು ಟಿವಿಯಿಂದ ಕಣ್ಣು ಕೀಳದೆ ಕೇಳಿದರು:

“ಯಾರ ಗೆದ್ರಂತ, ಅಳಿಯಂದ್ರ?”

“ನೀವ್ರಿ,” ಎಂದೆ.