ಮೂರು ಬಳೆ, ಒಂದು ಮೀಸೆ

ಎಲ್ಲಕ್ಕೂ ಕಾರಣ ಮೂರು ಬಳೆ. ಮರುದಿನ ತ್ರಿತ್ವದ ಹಬ್ಬ. ಹಲಸೂರಿನ ಟೈಲರ್ ಚೌರಪ್ಪ ಚರ್ಚಿನ ಪೀಠದ ಬಿಳಿ ಬಟ್ಟೆಯ ಮೇಲೆ, ಒಂದರೊಳಗೊಂದು ಸಿಕ್ಕಿಕೊಂಡ ಮೂರು ಬಳೆಗಳನ್ನು ಬಂಗಾರದ ಬಣ್ಣದ ದಾರದಲ್ಲಿ ಹೊಲಿಯುತ್ತಿದ್ದ. ಪಿತ, ಸುತ, ಪವಿತ್ರಾತ್ಮ. ಮೂವರು, ಆದರೂ ದೇವರೊಬ್ಬನೇ. ಬೆಳಗಿನ ಬಿಸಿಲು ಅಂಗಡಿಯೊಳಗೆ ಬಂದು ಬಟ್ಟೆಯ ತುದಿಯಲ್ಲಿ ಬೆಕ್ಕಿನ ಹಾಗೆ ಮಲಗಿತ್ತು.

ಚೌರಪ್ಪನ ತಲೆಯಲ್ಲಿ ಒಂದೆಳೆ ಕೂದಲೂ ಇರಲಿಲ್ಲ. ಆ ಕೊರತೆಯನ್ನೆಲ್ಲ ದೇವರು ಮೀಸೆಯಲ್ಲಿ ತುಂಬಿಕೊಟ್ಟಿದ್ದ. ಹಬ್ಬ ಕಳೆದು ಮುಂದಿನ ಭಾನುವಾರ ಬೆನ್ಸನ್ ಟೌನಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹುಡುಗಿ ಫೋಟೋ ನೋಡಿ ಮೆಚ್ಚಿದ್ದು ಮೀಸೆಯೊಂದನ್ನೇ ಎಂದು ಸುದ್ದಿ.

ಹೊಲಿಯಲು ಕೊಟ್ಟ ಪ್ಯಾಂಟು ಒಯ್ಯಲು ಜೀವನ್ ಬಿಮಾ ನಗರದ ಅನಂತರಾಮು ಬಂದರು. ಮೂವತ್ತಾರು ವರ್ಷ ವಿಮಾ ಕಚೇರಿಯಲ್ಲಿ ಪಾಲಿಸಿ ಓದಿ ನಿವೃತ್ತರಾದವರು. ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಪಾಲಿಸಿಯ ಹಾಗೇ ಓದುತ್ತಿದ್ದರು.

"ಏನ್ರೀ ಚೌರಪ್ಪ, ಒಲಿಂಪಿಕ್ಸಾ? ಎರಡು ಬಳೆ ಕಮ್ಮಿ ಇದೆಯಲ್ಲ!"

"ತ್ರಿತ್ವ ಸಾರ್. ನಮ್ಮ ದೇವರು."

"ಬೈಬಲ್ ನಾನೂ ಎರಡು ಸಲ ಓದಿದೀನಿ. ಆ ಪದ ಎಲ್ಲೂ ಇಲ್ಲ. ಪಾಲಿಸೀಲಿ ಬರೀದೇ ಇರೋದು ಕ್ಲೈಮ್ ಆಗಲ್ಲ ಕಣ್ರೀ."

"ತ್ರಿತ್ವ ಇದೆ ಸಾರ್! ಇಲ್ದೇ ಹೋದ್ರೆ ಮೀಸೆ ಬೋಳಿಸ್ಕೋತೀನಿ!"

ಪಕ್ಕದ ಟೀ ಅಂಗಡಿಯ ಅಹ್ಮದ್ ಪಾಷಾ ಕೂಡಲೇ ತಲೆ ಹಾಕಿದ. "ನಾನು ಸಾಕ್ಷಿ ಜೀ! ಸಂಜೆ ಆರರ ಗಂಟೆ ಹೊಡೆಯೋದ್ರೊಳಗೆ ತೋರಿಸ್ಬೇಕು." ಆಮೇಲೆ ಟೀ ಕುಡಿದವರಿಗೆಲ್ಲ ಬಿಸ್ಕತ್ತಿನ ಜೊತೆ ಆ ಸುದ್ದಿಯನ್ನೂ ಕೊಟ್ಟ.

ಚೌರಪ್ಪ ಬೈಬಲನ್ನು ಹಿಂದೆ ಮುಂದೆ ತಿರುವಿದ. ಪದ ಸಿಗಲಿಲ್ಲ. ಚರ್ಚಿಗೆ ಓಡಿದ. ಫಾದರ್ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು.

"ಪದ ಇಲ್ಲಪ್ಪ. ಅದು ಆಮೇಲಿನವರು ಇಟ್ಟ ಹೆಸರು. ಆದ್ರೆ ಜೋರ್ಡನ್ ನದೀಲಿ ನಡೆದ ದೀಕ್ಷಾಸ್ನಾನಾನ ನೆನೆಸ್ಕೋ. ನೀರಲ್ಲಿ ಮಗ, ಪಾರಿವಾಳದ ಹಾಗೆ ಇಳಿದು ಬಂದ ಆತ್ಮ, ಆಕಾಶದಿಂದ ತಂದೆಯ ದನಿ."

"ನನಗೆ ಪದಾನೇ ಬೇಕು ಫಾದರ್. ಮೀಸೆ ಪ್ರಶ್ನೆ."

"ಹಾಗಿದ್ರೆ ಹೊಸ ಬ್ಲೇಡು ತಗೋ," ಎಂದು ನಕ್ಕು ಫಾದರ್ ಇನ್ನೊಂದು ಗಿಡದ ಕಡೆ ಹೋದರು.

ಮನೆಯಲ್ಲಿ ತಾಯಿ ಆರೋಗ್ಯಮ್ಮ ಮಗನ ಗೋಳು ಕೇಳಿ, ಅಜ್ಜಿಯ ಕಾಲದ ತಮಿಳು ಬೈಬಲನ್ನು ಟ್ರಂಕಿನಿಂದ ತೆಗೆದುಕೊಟ್ಟಳು. ಆಮೇಲೆ ಕೊಡೆ ಹಿಡಿದು ಹೊರಟಳು. "ನೀನು ಹುಡುಕ್ತಿರು ಕಣ್ಣಾ. ನಾನು ಶಿವಾಜಿನಗರದ ಚರ್ಚಿಗೆ ಹೋಗಿ ಮಾತೆ ಹತ್ರ ಮಾತಾಡ್ಕೊಂಡು ಬರ್ತೀನಿ."

ಅದರೊಳಗೆ, ಯೋವಾನ್ನರ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಸಿಕ್ಕೇಬಿಟ್ಟಿತು! ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ತಂದೆ, ವಾಕ್ಯವೆಂದು ಕರೆಸಿಕೊಂಡ ಸುತ, ಪವಿತ್ರಾತ್ಮ. ಈ ಮೂವರೂ ಒಂದೇ. ಚೌರಪ್ಪ ಪುಸ್ತಕವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಓಡಿದ.

ಟೀ ಅಂಗಡಿಯಲ್ಲಿ ಕಾಯುತ್ತಿದ್ದ ಅನಂತರಾಮು ಶಾಂತವಾಗಿ ಮೊಬೈಲಿನಲ್ಲಿ ಕನ್ನಡ ಬೈಬಲ್ ತೆಗೆದರು. ಅದೇ ಅಧ್ಯಾಯ. ಆ ಸಾಲು ಮಾತ್ರ ಇರಲಿಲ್ಲ.

"ತೀರಾ ಹಳೇ ಕೈಬರಹದ ಪ್ರತಿಗಳಲ್ಲಿ ಇದು ಇಲ್ವಂತೆ ಕಣ್ರೀ. ಆಮೇಲೆ ಯಾರೋ ಸೇರಿಸಿದ್ದು. ಸಹಿ ಆದ್ಮೇಲೆ ಸೇರಿಸಿದ ಸಾಲು ನಡೆಯಲ್ಲ."

ಅಹ್ಮದ್ ಪಾಷಾ ಎದುರಿನ ಸಲೂನಿಗೆ ಕೈಬೀಸಿ ಕುರ್ಚಿ ಖಾಲಿ ಇಡಲು ಹೇಳಿದ.

ಚೌರಪ್ಪ ಕೆರೆಯ ದಡಕ್ಕೆ ಹೋಗಿ ಕೂತ. ನೀರು ನಿದ್ದೆಯಲ್ಲಿ ಉಸಿರಾಡುತ್ತಿತ್ತು. ಅವನ ರೆಪ್ಪೆಯೂ ಭಾರವಾಯಿತು. ಯಾರೋ ಒಬ್ಬ ಕಳೆ ತೆಗೆಯಲು ಎದೆಮಟ್ಟದ ನೀರಿಗಿಳಿದು, ಮುಳುಗಿ ಎದ್ದ. ಎಲ್ಲಿಂದಲೋ ಒಂದು ಪಾರಿವಾಳ ಬಂದು ಅವನ ತಲೆಯ ಮೇಲೆ ಸುತ್ತಿತು. ಚೌರಪ್ಪ ಉಸಿರು ಹಿಡಿದ. ಆಗ, ನಿಜಕ್ಕೂ, ಮೇಲಿಂದ ಒಂದು ದನಿ ಕೇಳಿಸಿತು. "ಹಲೋ... ಮೈಕ್ ಟೆಸ್ಟಿಂಗ್... ಒನ್, ಟೂ, ತ್ರೀ..."

ಕೆರೆ ಪಕ್ಕದ ಮಿಲಿಟರಿಯವರ ಮೈದಾನದ ಮೈಕು. ಆದರೂ ಚೌರಪ್ಪನ ರೋಮವೆಲ್ಲ ನಿಂತಿತು. ಪದ ಯಾರಿಗೆ ಬೇಕು? ಅವನು ಎದ್ದು ಓಡಿದ.

ಆರಕ್ಕೆ ಹತ್ತು ನಿಮಿಷವಿತ್ತು. ಅನಂತರಾಮು ಎದುರು ನಿಂತು, ಬೈಬಲಿನ ಮತ್ತಾಯನ ಪುಸ್ತಕದಿಂದ ಜೋರ್ಡನ್ನಿನ ಭಾಗ ಓದಿದ. ಕೊನೆಯ ಪುಟದ, ಮೂವರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿ ಎಂಬ ಮಾತನ್ನೂ ಓದಿದ.

"ಮೂವರೂ ಸಿಕ್ಕಿದ್ರು. ಪದ ಎಲ್ರೀ?" ಎಂದರು ಅನಂತರಾಮು.

"ಸಾರ್, ನಿಮ್ಮ ಪಾಲಿಸೀಲಿ ನಾಮಿನಿ ಯಾರು?"

"ನಮ್ಮನೆಯವಳು. ಅಮ್ಮಣ್ಣಿ."

"ಅಲ್ಲಿ ಪ್ರೀತಿ ಅಂತ ಬರೆದಿದೀರಾ?"

ಅನಂತರಾಮು ಕನ್ನಡಕ ತೆಗೆದು ಒರೆಸಿದರು. "ಅದಕ್ಕೆ ಕಾಲಮ್ಮೇ ಇರಲಿಲ್ಲ ಕಣ್ರೀ," ಎಂದರು ಮೆಲ್ಲಗೆ. "ಪದ ಇಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನೋಕಾಗಲ್ಲ. ಆಯ್ತು, ಗೆದ್ರಿ. ಆದ್ರೆ ಆ ಮೂರು ಒಂದು ಹೇಗೆ ಅನ್ನೋದು ನನಗಿನ್ನೂ ಅರ್ಥ ಆಗಿಲ್ಲ."

"ನನಗೂ ಆಗಿಲ್ಲ ಸಾರ್. ಅದಕ್ಕೇ ಹೊಲೀತಾ ಇದ್ದೀನಿ."

"ಕ್ಲೈಮ್ ಪಾಸ್!" ಎಂದು ಪಾಷಾ ಕೂಗಿದ. ಚರ್ಚಿನ ಗಂಟೆ ಹೊಡೆಯಿತು. ಚೌರಪ್ಪ ಶಿಲುಬೆಯ ಗುರುತು ಹಾಕಿಕೊಂಡು ಮೀಸೆಯ ಎರಡೂ ತುದಿಗಳನ್ನು ಆಕಾಶಕ್ಕೆ ತಿರುಗಿಸಿದ.

ಅಷ್ಟರಲ್ಲಿ ಆರೋಗ್ಯಮ್ಮ ಬಂದಳು. ಗೆದ್ದ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. "ನನ್ನ ತಾಯಿ ಕೈ ಬಿಡಲಿಲ್ಲ! ಹರಕೆ ಹೊತ್ಕೊಂಡಿದ್ದೆ ಕಣ್ಣಾ. ನೀನು ಗೆದ್ರೆ ವೇಳಾಂಗಣಿ ಮಾತೆಗೆ ನಿನ್ನ ಕೂದಲು ಕೊಡ್ತೀನಿ ಅಂತ. ಬುಧವಾರ ಹೊರಡೋಣ. ಹೆಣ್ಣಿನ ಕಡೆಯವರು ಬರೋಕ್ ಮುಂಚೆ ಹರಕೆ ತೀರಿರ್ಬೇಕು."

ಚೌರಪ್ಪ ನಿರಾಳವಾಗಿ ಬೋಳುತಲೆ ಸವರಿಕೊಂಡ. ತಾಯಿಯ ಕಣ್ಣು ಆ ಕೈಯನ್ನೇ ನೋಡಿತು. ಆಮೇಲೆ ನಿಧಾನವಾಗಿ ಕೆಳಗಿಳಿದು ಮೂಗಿನ ಕೆಳಗೆ ನಿಂತಿತು.

"ಅಮ್ಮಾ, ನೀನು ಮೀಸೆ ಅನ್ನೋ ಪದಾನೇ ಹೇಳಲಿಲ್ವಲ್ಲ!"

"ಪದ ಯಾಕೆ ಕಣ್ಣಾ? ನಿನಗಿರೋದು ಅದೊಂದೇ ಅಂತ ಮಾತೆಗೆ ಗೊತ್ತಿಲ್ವಾ?"

ಚೌರಪ್ಪ ವಾದಕ್ಕೆ ಬಾಯಿ ತೆರೆದ. ಆದರೆ ನಾಲಿಗೆಗೆ ಬಂದ ಮಾತುಗಳೆಲ್ಲ ಈಗಷ್ಟೇ ಅನಂತರಾಮು ಆಡಿ ಸೋತವೇ ಆಗಿದ್ದವು.